ಭೋರೆಂದು ಎದ್ದು ಅಲ್ಲೇ ಅಡಗುತ್ತಿದ್ದ ಸ್ವರ: ಒಂದು ಗಿಟಾರ್ ದುರಸ್ತಿಯ ಟಿಪ್ಪಣಿ

ದೂರು ಚಿಕ್ಕದು. ಆರನೆಯ ತಂತಿಯನ್ನು ಮೂರನೆಯ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಒತ್ತಿ ಮೀಟಿದರೆ ಸ್ವರ ಭೋರೆಂದು ಎದ್ದು ಅಲ್ಲೇ ಅಡಗುತ್ತದೆ. ಸಣ್ಣ ತಂತಿಗಳೆಲ್ಲ ಮಂಕು. ಗಿಟಾರ್ ಉಕ್ಕಿನ ತಂತಿಯದು, ಡ್ರೆಡ್ನಾಟ್ ಎಂಬ ದೊಡ್ಡ ಒಡಲಿನ ಆಕಾರದ್ದು. ಮೇಲ್ಹಲಗೆ ಸ್ಪ್ರೂಸ್ ಮರ, ಬೆನ್ನು ಮತ್ತು ಪಕ್ಕೆ ಬೀಟೆ. ಮಾಲೀಕ ಮೈಸೂರಿನ ಒಬ್ಬ ಕಾಲೇಜು ವಿದ್ಯಾರ್ಥಿ. ಏಪ್ರಿಲ್ ಬಿಸಿಲಿನ ಒಂದು ಇಡೀ ಮಧ್ಯಾಹ್ನ ವಾದ್ಯ ಮುಚ್ಚಿದ ಕಾರಿನೊಳಗೆ ಇತ್ತಂತೆ. ಆಮೇಲೆ ಒಂದು ಅಂಗಡಿಯಲ್ಲಿ ದಪ್ಪ ತಂತಿ ಹಾಕಿಸಿ, ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿಗಳನ್ನು ಹೊರುವ ಸಣ್ಣ ಪಟ್ಟಿ) ಉಜ್ಜಿಸಿ ತಗ್ಗಿಸಿಕೊಂಡು ಬಂದಿದ್ದಾನೆ. ದೂರು ಕಡಿಮೆಯಾಗುವ ಬದಲು ಬೆಳೆದಿದೆ.

ಕಾರಿನ ಬಿಸಿ ಎಂದು ಕೇಳಿದೊಡನೆ ಅಂಟಿನ ಮೇಲೆ ಅನುಮಾನ ಬರಬೇಕು. ಬಿಸಿಲಿಗೆ ನಿಂತ ಕಾರಿನೊಳಗೆ ಮರಗೆಲಸದ ಸಾಮಾನ್ಯ ಅಂಟುಗಳು ಮೆತ್ತಗಾಗುವಷ್ಟು ಶಾಖ ಸುಲಭವಾಗಿ ಏರುತ್ತದೆ, ತಂತಿಗಳ ಎಳೆತವಂತೂ ಒಂದು ಕ್ಷಣವೂ ಸಡಿಲವಾಗುವುದಿಲ್ಲ. ಆದರೂ ಅನುಮಾನವನ್ನೇ ನಂಬಿ ಉಳಿ ಹಿಡಿಯುವುದು ನನಗೆ ಒಗ್ಗುವುದಿಲ್ಲ. ತಂತಿಯಿಂದ ಗಾಳಿಯವರೆಗೆ ಕಂಪನ ನಡೆಯುವ ದಾರಿಯನ್ನು ಮೊದಲು ಪೂರ್ತಿ ನೋಡಬೇಕು. ಗಿಟಾರಿನಲ್ಲಿ ದನಿ ಎಲ್ಲಿ ಸೋರಿಹೋಗುತ್ತಿದೆ ಎಂಬುದನ್ನು ಆ ದಾರಿಯೇ ತೋರಿಸುತ್ತದೆ.

ತಂತಿಯಿಂದ ಹಲಗೆಗೆ

ಕಲ್ಲಿನ ಗೋಡೆಗೆ ಎರಡು ಮೊಳೆ ಹೊಡೆದು ನಡುವೆ ತಂತಿ ಬಿಗಿದು ಮೀಟಿ ನೋಡಿ. ಮಾರು ದೂರ ನಿಂತವರಿಗೆ ಏನೂ ಕೇಳಿಸುವುದಿಲ್ಲ. ಗಿಟಾರಿನ ಮೊದಲನೆಯ ತಂತಿಯ ದಪ್ಪ ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ. ಅದು ಮುಂದೆ ತಳ್ಳಿದ ಗಾಳಿ ಅದನ್ನೇ ಬಳಸಿಕೊಂಡು ಹಿಂದಕ್ಕೆ ಹರಿದುಬಿಡುತ್ತದೆ. ಒತ್ತಡದ ಅಲೆ ಹುಟ್ಟುವುದೇ ಇಲ್ಲ ಎನ್ನಬಹುದು. ಶಕ್ತಿ ತಂತಿಯದು, ಗಾಳಿಯನ್ನು ಅಲುಗಿಸುವ ಕೆಲಸ ಹಲಗೆಯದು.

ಬೆರಳು ತಂತಿಯನ್ನು ಎಳೆದು ಬಿಟ್ಟಾಗ ತಂತಿ ಒಂದು ಮೂಲೆಯುಳ್ಳ ಆಕಾರ ತಾಳುತ್ತದೆ. ಆ ಮೂಲೆ ಎರಡಾಗಿ ಒಡೆದು, ಒಂದು ನಟ್‌ನ (ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಕೊರೆಗಳ ಪಟ್ಟಿ) ಕಡೆಗೂ ಇನ್ನೊಂದು ಬ್ರಿಡ್ಜ್‌ನ (ಮೇಲ್ಹಲಗೆಗೆ ಅಂಟಿಸಿದ, ತಂತಿಗಳನ್ನು ಹಿಡಿದಿಡುವ ಮರದ ತುಂಡು) ಕಡೆಗೂ ಓಡಿ, ಬಡಿದು ಹಿಂತಿರುಗುತ್ತವೆ. ಐದನೆಯ ತಂತಿಯನ್ನು ಬಿಡಿಯಾಗಿ ಮೀಟಿದರೆ ಈ ಇಡೀ ಸುತ್ತು ಸೆಕೆಂಡಿಗೆ 110 ಸಲ ನಡೆಯುತ್ತದೆ, ಅಷ್ಟೇ ಸಲ ಬ್ರಿಡ್ಜ್‌ಗೆ ತಳ್ಳು-ಎಳೆತದ ಸುತ್ತು ಸಿಗುತ್ತದೆ. ಸುತ್ತು ಎಷ್ಟು ಬೇಗ ಎನ್ನುವುದನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ತಂತಿಯ ಉದ್ದ, ಎಳೆತ, ಉದ್ದದ ಲೆಕ್ಕದಲ್ಲಿ ತೂಕ. ಫ್ರಾನ್ಸಿನ ಗಣಿತಜ್ಞ ಮೆರ್ಸೆನ್ 1636ರಲ್ಲೇ ಈ ನಿಯಮವನ್ನು ಬರೆದಿಟ್ಟ. ಉದ್ದ ಅರ್ಧವಾದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಎಳೆತದಿಂದಲೇ ಅಷ್ಟು ಏರಿಸಬೇಕಾದರೆ ನಾಲ್ಕು ಪಟ್ಟು ಬಿಗಿಯಬೇಕು.

ಈ ಲೆಕ್ಕ ದುರಸ್ತಿಗೆ ನೇರವಾಗಿ ಬೇಕು. ಈ ಗಿಟಾರಿನ ತಂತಿಯ ಉದ್ದ 648 ಮಿಲಿಮೀಟರ್. ಮೊದಲನೆಯ ತಂತಿ 0.012 ಇಂಚಿನದಾದರೆ, 329.6 ಹರ್ಟ್ಸ್‌ಗೆ (ಸೆಕೆಂಡಿಗೆ ಅಷ್ಟು ಕಂಪನ) ಶ್ರುತಿ ಮಾಡಿದಾಗ ಅದರ ಎಳೆತ ಸುಮಾರು 10.7 ಕಿಲೋ. 0.013 ಇಂಚಿನದಾದರೆ ಅದೇ ಸ್ವರಕ್ಕೆ 12.5 ಕಿಲೋ ಬೇಕು, ಏಕೆಂದರೆ ತೂಕ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆರೂ ತಂತಿ ಸೇರಿದರೆ 12ರ ಜೋಡಿ (ಮೊದಲನೆಯ ತಂತಿ 0.012 ಇಂಚಿನದಾದ ಆರು ತಂತಿಗಳ ಕಟ್ಟು) 74 ಕಿಲೋ ಆಸುಪಾಸು ಎಳೆಯುತ್ತದೆ, 13ರ ಜೋಡಿ 84ರ ಹತ್ತಿರ. ಬಿಸಿಲಿನಲ್ಲಿ ಅಂಟು ಸೋತ ವಾದ್ಯಕ್ಕೆ ಅಂಗಡಿಯವರು ಹಾಕಿದ್ದು 13ರ ಜೋಡಿ. ಇಷ್ಟು ಭಾರವನ್ನು ತಡೆಯುತ್ತಿರುವುದು ಮೂರು ಮಿಲಿಮೀಟರಿಗಿಂತ ತೆಳುವಾದ ಒಂದು ಹಲಗೆ, ಅದಕ್ಕೆ ಒಳಗಿನಿಂದ ಅಂಟಿಸಿದ ಕೆಲವು ಪಟ್ಟಿಗಳು. ಗಿಟಾರ್ ತಯಾರಿಯ ಅರ್ಧ ಜಾಣ್ಮೆ ಇಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ: ಮುರಿಯದಷ್ಟು ಗಟ್ಟಿ, ಮಿಡಿಯುವಷ್ಟು ಹಗುರ.

ತಟ್ಟಿ ಕೇಳಿದ್ದು

ತಂತಿಗಳ ನಡುವೆ ಒಂದು ಬಟ್ಟೆ ತೂರಿಸಿ ಅವುಗಳ ಬಾಯಿ ಮುಚ್ಚಿಸಿ, ಬ್ರಿಡ್ಜ್ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿದೆ. ಮೊಬೈಲಿನಲ್ಲಿ ಆವರ್ತನ ತೋರಿಸುವ ಒಂದು ಸಾಧಾರಣ ಆ್ಯಪ್ ಸಾಕು; ಮೊಬೈಲನ್ನು ಮೇಲ್ಹಲಗೆಯ ರಂಧ್ರದಿಂದ ಒಂದು ಗೇಣು ದೂರ ಇಟ್ಟೆ. ಎರಡು ಶಿಖರ ಎದ್ದವು: ಒಂದು 97 ಹರ್ಟ್ಸ್ ಹತ್ತಿರ, ಇನ್ನೊಂದು 172ರ ಹತ್ತಿರ. ರಂಧ್ರಕ್ಕೆ ದಪ್ಪ ರಟ್ಟು ಮುಚ್ಚಿ ಮತ್ತೆ ತಟ್ಟಿದಾಗ ಮೊದಲನೆಯದು ಮಾಯವಾಯಿತು, ಎರಡನೆಯದು 157ಕ್ಕೆ ಇಳಿಯಿತು.

ಮೊದಲನೆಯ ಶಿಖರ ಒಳಗಿನ ಗಾಳಿಯದು. ಖಾಲಿ ಸೀಸೆಯ ಬಾಯಿಗೆ ಊದಿದಾಗ ಕೇಳುವ ದನಿಯ ಬಗೆಯದೇ ಅದು; ರಂಧ್ರದಲ್ಲಿನ ಗಾಳಿ ಒಂದು ಮುದ್ದೆಯಾಗಿ ಒಳಗೂ ಹೊರಗೂ ಅಲುಗುತ್ತದೆ, ಪೆಟ್ಟಿಗೆಯೊಳಗಿನ ಗಾಳಿ ಅದಕ್ಕೆ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಹೆಲ್ಮ್‌ಹೋಲ್ಟ್ಸ್ ಹೆಸರಿನಲ್ಲಿ ಕರೆಯುವ ಅನುರಣನ ಇದು. ಪೆಟ್ಟಿಗೆಯ ಒಳಗಾತ್ರ 19 ಲೀಟರ್, ರಂಧ್ರದ ಅಡ್ಡಳತೆ 100 ಮಿಲಿಮೀಟರ್ ಎಂದಿಟ್ಟುಕೊಂಡು ಸೂತ್ರಕ್ಕೆ ಹಾಕಿದರೆ 120 ಹರ್ಟ್ಸ್ ಬರುತ್ತದೆ. ನಿಜವಾದ ವಾದ್ಯದಲ್ಲಿ ಅದಕ್ಕಿಂತ ಕೆಳಗೆ ಸಿಗುವುದಕ್ಕೆ ಕಾರಣ, ಸೂತ್ರ ಕಲ್ಲಿನ ಗೋಡೆಯ ಪೆಟ್ಟಿಗೆಯನ್ನು ಊಹಿಸುತ್ತದೆ. ಗಿಟಾರಿನ ಹಲಗೆಗಳು ಗಾಳಿಯೊಡನೆ ತಾವೂ ಉಬ್ಬಿ ತಗ್ಗುತ್ತವೆ. ಗಾಳಿ, ಹಲಗೆ ಎರಡೂ ಜೊತೆಯಾಗಿ ಕಂಪಿಸುವುದರಿಂದ ಒಂದು ಶಿಖರ ಕೆಳಗೆ ಸರಿಯುತ್ತದೆ, ಇನ್ನೊಂದು ಮೇಲೆ. ಹಲಗೆ ಮೆತ್ತಗಾದಷ್ಟೂ ಎರಡೂ ಕೆಳಗಿಳಿಯುತ್ತವೆ.

ಈಗ ದೂರಿಗೆ ಬರೋಣ. ಆರನೆಯ ತಂತಿಯ ಮೂರನೆಯ ಫ್ರೆಟ್ ಎಂದರೆ ಜಿ ಸ್ವರ, 98 ಹರ್ಟ್ಸ್. ಗಾಳಿಯ ಶಿಖರ 97. ಎರಡೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂತಿವೆ. ಆ ಒಂದು ಸ್ವರದಲ್ಲಿ ತಂತಿಯ ಶಕ್ತಿಯೆಲ್ಲ ಒಮ್ಮೆಗೇ ಹೊರಕ್ಕೆ ಸುರಿದುಹೋಗುತ್ತದೆ. ಅದಕ್ಕೇ ಆ ಭೋರ್ಗರೆತ, ಅದಕ್ಕೇ ಆ ಅಲ್ಪಾಯುಷ್ಯ. ವಾದ್ಯ ಬಹುಕಾಲ ಮೊಳಗಬೇಕಾದರೆ ಬ್ರಿಡ್ಜ್ ತಂತಿಗೆ ತುಸು ಹಟ ತೋರಿಸಬೇಕು: ಬಡಿದ ಅಲೆಯ ಬಹುಪಾಲನ್ನು ಹಿಂದಕ್ಕೆ ಕಳಿಸಿ, ಪ್ರತಿ ಸುತ್ತಿನಲ್ಲಿ ಚೂರುಚೂರೇ ಶಕ್ತಿಯನ್ನು ಹಲಗೆಗೆ ಬಿಡಬೇಕು. ಹಲಗೆ ತೀರಾ ಸುಲಭವಾಗಿ ಮಣಿದರೆ ಜೋರು ಬರುತ್ತದೆ, ಬಾಳಿಕೆ ಹೋಗುತ್ತದೆ.

ಡ್ರೆಡ್ನಾಟ್‌ಗಳಲ್ಲಿ ಗಾಳಿಯ ಶಿಖರ 100ರ ಆಸುಪಾಸಿನಲ್ಲಿ ಇರುವುದು ಸಹಜ. ಆದ್ದರಿಂದ 97 ಎಂಬ ಅಂಕಿಯೊಂದೇ ರೋಗದ ಪುರಾವೆಯಾಗದು. ನನ್ನನ್ನು ತಡೆದು ನಿಲ್ಲಿಸಿದ್ದು ತಟ್ಟಿದಾಗಿನ ದನಿ. ಬ್ರಿಡ್ಜ್‌ನ ಸಣ್ಣ ತಂತಿಗಳ ಕಡೆಗೆ ಬೆರಳು ಸರಿಸುತ್ತಾ ಹೋದಂತೆ ದುಂಡಗಿದ್ದ ಸದ್ದು ಒಂದು ಜಾಗದಲ್ಲಿ ಒಡಕು ಟಪ್ ಆಗಿ ಬದಲಾಗುತ್ತಿತ್ತು.

ಕನ್ನಡಿ, ಕಾಗದ

ತಂತಿ ಬಿಚ್ಚಿ, ರಂಧ್ರದೊಳಗೆ ಸಣ್ಣ ಟಾರ್ಚ್ ಇಳಿಸಿ, ಹಿಡಿಕೆಯ ಕನ್ನಡಿಯಿಂದ ನೋಡಿದೆ. ಮೇಲ್ಹಲಗೆಯ ಅಡಿಯಲ್ಲಿ ಗುಣಿಸು ಚಿಹ್ನೆಯ ಆಕಾರದಲ್ಲಿ ಎರಡು ಮುಖ್ಯ ಆಸರೆ ಪಟ್ಟಿಗಳಿವೆ; ಅಮೆರಿಕದಲ್ಲಿ 1840ರ ದಶಕದಲ್ಲಿ ಗಿಟಾರ್ ತಯಾರಕ ಸಿ.ಎಫ್. ಮಾರ್ಟಿನ್ ಬಳಸತೊಡಗಿದ, ಮುಂದೆ ಉಕ್ಕಿನ ತಂತಿಯ ಗಿಟಾರುಗಳೆಲ್ಲ ನೆಚ್ಚಿಕೊಂಡ ವಿನ್ಯಾಸ. ಸಣ್ಣ ತಂತಿಗಳ ಕಡೆಯ ಪಟ್ಟಿ, ಬ್ರಿಡ್ಜ್‌ನ ಮೂಲೆಯ ನೇರಕ್ಕೆ, ಸುಮಾರು ನಾಲ್ಕು ಸೆಂಟಿಮೀಟರ್ ಉದ್ದಕ್ಕೆ ಹಲಗೆಯನ್ನು ಬಿಟ್ಟುಕೊಟ್ಟಿತ್ತು. ಕಣ್ಣಿಗೆ ಬಿರುಕು ಕಾಣುತ್ತಿರಲಿಲ್ಲ. ಹೊರಗಿನಿಂದ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿದಾಗ ಮಾತ್ರ ಕನ್ನಡಿಯಲ್ಲಿ ಕಪ್ಪು ಗೆರೆಯೊಂದು ತೆರೆದು ಮುಚ್ಚುತ್ತಿತ್ತು.

ಬಿಟ್ಟುಕೊಂಡ ಪಟ್ಟಿ ಎರಡು ಬಗೆಯಲ್ಲಿ ಕೆಡಿಸುತ್ತದೆ. ಪಟ್ಟಿಯ ಪೆಡಸುತನ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ: ಎತ್ತರ ಅರ್ಧವಾದರೆ ಪೆಡಸುತನ ಎಂಟನೆಯ ಒಂದು ಭಾಗ. ಹಲಗೆ ಮತ್ತು ಪಟ್ಟಿ ಅಂಟಿಕೊಂಡಿದ್ದರೆ ಒಂದೇ ಎತ್ತರದ ತೊಲೆ. ಬೇರೆಯಾದರೆ ಎರಡು ಕುಳ್ಳ ತುಂಡುಗಳು. ತೂಕ ಹಾಗೆಯೇ ಉಳಿದು ಬಿಗಿ ಮಾತ್ರ ಹೋದರೆ ಆವರ್ತನ ಇಳಿಯಲೇಬೇಕು. ಎರಡನೆಯದು, ಬಿಟ್ಟ ಜಾಗದಲ್ಲಿ ಮರಕ್ಕೆ ಮರ ತಿಕ್ಕಿ ಕಂಪನ ಶಾಖವಾಗಿ ಹೋಗುತ್ತದೆ. ಸಾವಿರ ಹರ್ಟ್ಸ್‌ಗಿಂತ ಮೇಲಿನ, ಹೊಳಪು ಕೊಡುವ ಉಪಸ್ವರಗಳಿಗೆ (ಮೂಲ ಸ್ವರದ ಜೊತೆಗೇ ಕೇಳುವ, ಅದಕ್ಕಿಂತ ಎತ್ತರದ ಸ್ವರಗಳಿಗೆ) ಇದರ ಪೆಟ್ಟು ಹೆಚ್ಚು. ಸಣ್ಣ ತಂತಿಗಳ ಮಂಕಿಗೆ ಇಷ್ಟು ಕಾರಣ ಸಾಕಿತ್ತು.

ಇನ್ನೂ ಒಂದು ಸಿಕ್ಕಿತು. ಬ್ರಿಡ್ಜ್‌ನ ಹಿಂಬದಿಯ ಅಂಚಿಗೆ ತೆಳು ಕಾಗದ ಹಿಡಿದು ತಳ್ಳಿದರೆ ಅದು ತಂತಿಗಳ ತುದಿ ಹಿಡಿದಿಡುವ ಪಿನ್ನುಗಳ ಸಾಲಿನವರೆಗೂ ತೊಡಕಿಲ್ಲದೆ ಜಾರಿತು. ತಂತಿಗಳು ಬ್ರಿಡ್ಜನ್ನು ಮುಂದಕ್ಕೆ ಎಳೆಯುವುದರ ಜೊತೆಗೆ ತಿರುಗಿಸಲೂ ನೋಡುತ್ತವೆ. ಹಿಂದಿನ ಅಂಚು ಮೇಲೇಳುತ್ತದೆ, ಮುಂದಿನ ಅಂಚು ಹಲಗೆಯನ್ನು ಅಮುಕುತ್ತದೆ. ಅಂಟು ಮೊದಲು ಸೋಲುವುದು ಹಿಂದಿನ ಅಂಚಿನಲ್ಲಿಯೇ. ಅರ್ಧ ಬಿಟ್ಟ ಬ್ರಿಡ್ಜ್ ಕೆಳಕ್ಕೆ ಹೊಸ ಅಂಟು ತೂರಿಸಿ ಒತ್ತಿಬಿಡುವವರಿದ್ದಾರೆ. ಹಳೆಯ ಅಂಟಿನ ಮೇಲೆ ಹೊಸದು ಕಚ್ಚಿಕೊಳ್ಳುವುದಿಲ್ಲ. ಪೂರ್ತಿ ಬಿಡಿಸುವುದೇ ಸರಿ.

ಬಿಡಿಸಿ ಅಂಟಿಸಿದ್ದು

ಮೊದಲು ಒಳಗಿನ ಪಟ್ಟಿ. ಬೆಚ್ಚಗಿನ ಸರೇಸನ್ನು (ಪ್ರಾಣಿಗಳ ತೊಗಲಿನಿಂದ ಮಾಡುವ ಅಂಟು) ಬೆರಳ ತುದಿಯಲ್ಲಿ ತೆಗೆದುಕೊಂಡು, ಹಲಗೆಯನ್ನು ಹೊರಗಿನಿಂದ ಒತ್ತಿ ಬಿಡುತ್ತಾ ಬಿರುಕು ತೆರೆದಾಗಲೆಲ್ಲ ತುಂಬಿದೆ. ಬಿರುಕು ತೆರೆದುಕೊಳ್ಳುವಾಗ ಸರೇಸನ್ನು ತಾನೇ ಒಳಕ್ಕೆ ಹೀರಿಕೊಳ್ಳುತ್ತದೆ. ಪಟ್ಟಿಯ ಇನ್ನೊಂದು ಕೊನೆಯಲ್ಲಿ ಅಂಟು ಮುತ್ತುಮುತ್ತಾಗಿ ಹೊರಬಂದಾಗ ಒಳಗೆ ಪೂರ್ತಿ ತುಂಬಿದೆ ಎಂದು ತಿಳಿಯಬೇಕು. ಆಮೇಲೆ ಬೆನ್ನಿಗೂ ಪಟ್ಟಿಗೂ ನಡುವೆ ತಿರುಪಿನ ಚಿಕ್ಕ ಜಾಕ್ ನಿಲ್ಲಿಸಿ, ಪಟ್ಟಿ ಹಲಗೆಗೆ ತಾಗುವಷ್ಟೇ ಬಿಗಿದೆ. ಜೋರಾಗಿ ಬಿಗಿದರೆ ಬೆನ್ನು ಉಬ್ಬುತ್ತದೆ, ಅಂಟೆಲ್ಲ ಹಿಂಡಿಹೋಗುತ್ತದೆ.

ಸರೇಸೇ ಏಕೆ ಎಂದು ಕೇಳುವವರಿಗೆ: ಬಡಗಿಗಳ ಬಿಳಿ ಅಂಟು ಸದಾ ಎಳೆತವಿರುವ ಜಾಗದಲ್ಲಿ, ಅದರಲ್ಲೂ ಸೆಖೆಯಲ್ಲಿ, ಬಹಳ ನಿಧಾನವಾಗಿ ಜಾರುತ್ತದೆ. ಕುರ್ಚಿಗೆ ಅದು ತಪ್ಪಲ್ಲ. ವಾದ್ಯದ ಬ್ರಿಡ್ಜ್‌ಗೆ ಆಗದು. ಸರೇಸು ಒಣಗಿದ ಮೇಲೆ ಗಾಜಿನಷ್ಟು ಪೆಡಸು, ಮುಂದೆ ಯಾರಾದರೂ ಬಿಚ್ಚಬೇಕಾದರೆ ಶಾಖ ಮತ್ತು ತೇವಕ್ಕೆ ಬಿಟ್ಟುಕೊಡುತ್ತದೆ.

ಬ್ರಿಡ್ಜ್ ಬಿಡಿಸುವ ಕೆಲಸಕ್ಕೆ ಅವಸರ ಮಾಡುವಂತಿಲ್ಲ. ಸುತ್ತಲಿನ ಹೊಳಪಿನ ಲೇಪಕ್ಕೆ ಬಿಸಿ ತಾಗದಂತೆ ರಟ್ಟಿನ ಚೌಕಟ್ಟು ಹಾಸಿ, ಬ್ರಿಡ್ಜ್ ಮೇಲೆ ಶಾಖದ ಪಟ್ಟಿ ಇಟ್ಟು ಕಾಯಿಸಿದೆ. ಅಂಚು ತೆಳುವಾಗಿ ಸವೆಸಿದ ದೋಸೆ ಸಟ್ಟುಗವನ್ನು ಬಿಸಿನೀರಿನಲ್ಲಿ ಅದ್ದಿ, ಕಾಗದ ಜಾರಿದ ಕಡೆಯಿಂದ ಒಳಗೆ ಸರಿಸುತ್ತಾ ಹೋದೆ. ಸ್ಪ್ರೂಸ್ ನಾರು ಒಂದೇ ದಿಕ್ಕಿಗೆ ಉದ್ದಕ್ಕೆ ಓಡುತ್ತದೆ. ಸಟ್ಟುಗದ ಮೊನೆ ನಾರಿನ ಕೆಳಗೆ ಹೊಕ್ಕರೆ ಬ್ರಿಡ್ಜ್ ಜೊತೆಗೆ ಹಲಗೆಯ ಸಿಪ್ಪೆಯೂ ಏಳುತ್ತದೆ. ಕೈಗೆ ತಡೆ ಸಿಕ್ಕಾಗಲೆಲ್ಲ ನಿಲ್ಲಿಸಿ, ಮತ್ತೆ ಕಾಯಿಸಿ, ಎದುರು ದಿಕ್ಕಿನಿಂದ ಬಂದೆ. ಕೊನೆಗೆ ಬ್ರಿಡ್ಜ್ ಚಟ್ಟೆಂದು ಕೈಗೆ ಬಂತು.

ಕೆಳಗೆ ಕಂಡದ್ದು ನನಗೆ ಬೇಸರ ತಂದಿತು. ಕಾರ್ಖಾನೆಯಲ್ಲಿ ಬ್ರಿಡ್ಜ್‌ನ ಅಂಚಿನ ಸುತ್ತ ಎರಡು ಮಿಲಿಮೀಟರಿನಷ್ಟು ಹೊಳಪನ್ನು ಕೆರೆಯದೆ ಹಾಗೆಯೇ ಬಿಟ್ಟಿದ್ದರು. ಅಂದರೆ ಎಳೆತ ಅತಿ ಹೆಚ್ಚಿರುವ ಅಂಚಿನಲ್ಲಿಯೇ ಅಂಟು ಹಿಡಿದಿದ್ದು ಮರವನ್ನಲ್ಲ, ಹೊಳಪಿನ ಲೇಪವನ್ನು. ಬ್ರಿಡ್ಜ್‌ನ ಗಡಿಯನ್ನು ಚೂಪು ಚಾಕುವಿನಿಂದ ಗುರುತು ಹಾಕಿ, ಗಡಿಯವರೆಗೂ ಹೊಳಪು ಕೆರೆದು ಬರಿಯ ಮರ ತೋರಿಸಿದೆ. ಬ್ರಿಡ್ಜ್‌ನ ತಳವನ್ನು ಹಲಗೆಯ ತುಸು ಉಬ್ಬಿಗೆ ಸರಿಯಾಗಿ ಉಜ್ಜಿ ಕೂರಿಸಿದೆ. ಎರಡೂ ಮೈಗಳನ್ನು ಬೆಚ್ಚಗೆ ಮಾಡಿ ಸರೇಸು ಹಚ್ಚಿ, ರಂಧ್ರದ ಮೂಲಕ ಹೊಗುವ ಮೂರು ಉದ್ದ ಕ್ಲ್ಯಾಂಪುಗಳಿಂದ ಬಿಗಿದು ಒಂದು ದಿನ ಮುಟ್ಟದೆ ಬಿಟ್ಟೆ.

ಬೆನ್ನಿನ ಬೀಟೆಯಲ್ಲಿ ಕೂದಲೆಳೆಯ ಒಂದು ಬಿರುಕಿತ್ತು. ಒಳಗಿನಿಂದ ಚಿಕ್ಕ ಮರದ ಬಿಲ್ಲೆ ಅಂಟಿಸಿ ಮುಗಿಸಿದೆ. ಮಾಲೀಕ ಇದಕ್ಕೆ ಹೆಚ್ಚು ಹೆದರಿದ್ದ, ಹೆದರಬೇಕಾದ್ದೇನೂ ಇರಲಿಲ್ಲ. ಸ್ಪೇನಿನ ಅಂತೋನಿಯೊ ದೆ ತೊರ್ರೆಸ್ 1862ರಲ್ಲಿ ಬೆನ್ನು, ಪಕ್ಕೆ ಎರಡನ್ನೂ ಕಾಗದದ ರಟ್ಟಿನಿಂದ ಮಾಡಿ, ಮೇಲ್ಹಲಗೆಯನ್ನು ಮಾತ್ರ ಒಳ್ಳೆಯ ಸ್ಪ್ರೂಸ್‌ನಿಂದ ಮಾಡಿದ ಒಂದು ಗಿಟಾರ್ ಕಟ್ಟಿದ; ಅದು ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ದನಿಯ ಬಹುಪಾಲು ಮೇಲ್ಹಲಗೆಯದು ಎಂದು ಸಾಧಿಸಿ ತೋರಿಸಲು ಇದಕ್ಕಿಂತ ನೇರವಾದ ದಾರಿ ಬೇರೆ ಇರಲಾರದು. ಹಾಗೆಂದು ಬೀಟೆಯನ್ನು ನಾನು ಹಗುರವಾಗಿ ಕಾಣುವವನಲ್ಲ. ಭಾರವಾದ, ತಟ್ಟಿದರೆ ಗಂಟೆಯಂತೆ ಮೊಳಗುವ ಮರ ಅದು. ಕಂಪನವನ್ನು ತಾನು ನುಂಗುವುದು ಬಹಳ ಕಡಿಮೆ. 1969ರಲ್ಲಿ ಮಾರ್ಟಿನ್ ಕಂಪನಿ ಬ್ರೆಜಿಲಿನ ರೋಸ್‌ವುಡ್ ಬಿಟ್ಟು ಭಾರತದ ಬೀಟೆಗೆ ಬಂದಾಗಿನಿಂದ ನಮ್ಮ ಪಶ್ಚಿಮ ಘಟ್ಟದ ಈ ಮರ ಜಗತ್ತಿನ ಗಿಟಾರುಗಳ ಬೆನ್ನಾಗಿದೆ. ಕೊಡಗಿನಲ್ಲೋ ಮಲೆನಾಡಿನಲ್ಲೋ ನಿಂತ ಬೀಟೆಯ ಮರ ಕಂಡಾಗ ನನಗೆ ಈ ಸಂಗತಿ ನೆನಪಾಗದೆ ಇರುವುದಿಲ್ಲ.

ಸ್ಯಾಡಲ್, ನಟ್, ತಂಬೂರಿ

ಅಂಗಡಿಯವರು ತಗ್ಗಿಸಿದ ಪ್ಲಾಸ್ಟಿಕ್ ಸ್ಯಾಡಲ್‌ನ ತಳ ಸಮವಾಗಿರಲಿಲ್ಲ. ಬೆಳಕಿಗೆ ಹಿಡಿದರೆ ನಡುವೆ ಸಂದು ಕಾಣುತ್ತಿತ್ತು. ಸಂದು ಇದ್ದಲ್ಲಿ ತಂತಿಯ ತಳ್ಳು ಬ್ರಿಡ್ಜ್‌ಗೆ ಪೂರ್ತಿ ಇಳಿಯುವುದಿಲ್ಲ. ಮೂಳೆಯ ಹೊಸ ಸ್ಯಾಡಲ್ ತೆಗೆದುಕೊಂಡು, ಗಾಜಿನ ಮೇಲೆ ಹಾಸಿದ ಸ್ಯಾಂಡ್‌ಪೇಪರಿನಲ್ಲಿ ತಳ ಉಜ್ಜಿ, ಬ್ರಿಡ್ಜ್‌ನ ಕೊರೆಯಲ್ಲಿ ಅಲುಗದಂತೆ, ಬೆರಳಿನಿಂದಲೇ ಒತ್ತಿದರೆ ಕೂರುವಂತೆ ಮಾಡಿದೆ.

ಸ್ಯಾಡಲ್‌ನ ತುದಿ ಯಾವ ಆಕಾರದಲ್ಲಿರಬೇಕು ಎನ್ನುವುದು ಸ್ವಾರಸ್ಯದ ವಿಷಯ. ಗಿಟಾರಿನಲ್ಲಿ ತಂತಿ ಒಂದು ಸ್ಪಷ್ಟ ಬಿಂದುವಿನಿಂದ ಹೊರಡಬೇಕು. ತುದಿ ಚಪ್ಪಟೆಯಾಗಿದ್ದರೆ ಕಂಪಿಸುವ ತಂತಿ ಅದನ್ನು ಸವರುತ್ತಾ ಝೇಂಕರಿಸುತ್ತದೆ. ಈ ವಾದ್ಯದ ನಟ್‌ನ ಎರಡನೆಯ ತಂತಿಯ ಕೊರೆಯಲ್ಲಿ ಆದದ್ದು ಇದೇ: ಕೊರೆ ಹಿಂದಕ್ಕೆ ಇಳಿಜಾರಾಗುವ ಬದಲು ಮುಂದಕ್ಕೆ ಚಪ್ಪಟೆಯಾಗಿ, ಬಿಡಿ ತಂತಿ ಸಿತಾರಿನಂತೆ ಕೊಂಯ್‌ಗುಡುತ್ತಿತ್ತು. ಸಣ್ಣ ಅರದಿಂದ ಇಳಿಜಾರು ಸರಿಪಡಿಸಿದ ಮೇಲೆ ಅದು ನಿಂತಿತು.

ಗಿಟಾರಿನಲ್ಲಿ ರೋಗ ಎನ್ನಿಸಿಕೊಂಡ ಇದೇ ಸವರುವಿಕೆ ತಂಬೂರಿಯಲ್ಲಿ ಪ್ರಾಣ. ಅಗಲವಾದ ಬಾಗಿದ ಕುದುರೆ (ತಂಬೂರಿಯ ಬ್ರಿಡ್ಜ್), ಅದರ ಮೇಲೆ ತಂತಿಯ ಕೆಳಗೆ ಸರಿಸಿ ಸರಿಸಿ ಕೂರಿಸುವ ನೂಲು. ಜೀವಾಳಿ ಸರಿಯಾಗಿ ಸಿಕ್ಕಿದ ಕ್ಷಣದಲ್ಲಿ ಉಪಸ್ವರಗಳು ಒಂದೊಂದಾಗಿ ಅರಳುತ್ತವೆ. ತಂತಿಯನ್ನು ಮೀಟಿದ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟುವುದಿಲ್ಲ ಎಂದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಅವರ ನಿಯಮ ಹೇಳುತ್ತದೆ. ನಟ್ಟನಡುವೆ ಮೀಟಿದರೆ ಎರಡನೆಯ, ನಾಲ್ಕನೆಯ, ಆರನೆಯ ಉಪಸ್ವರಗಳು ಕಾಣೆಯಾಗುತ್ತವೆ. ಗಿಟಾರಿನಲ್ಲಿ ಹನ್ನೆರಡನೆಯ ಫ್ರೆಟ್ ಮೇಲೆ ಮೀಟಿ ಯಾರು ಬೇಕಾದರೂ ಆ ಟೊಳ್ಳು ದನಿಯನ್ನು ಕೇಳಬಹುದು. ತಂಬೂರಿ ಮತ್ತು ವೀಣೆಯ ಕುದುರೆಗಳು ಈ ನಿಯಮವನ್ನು ಮೀರುತ್ತವೆ, ಇಲ್ಲದಿರಬೇಕಾದ ಉಪಸ್ವರಗಳೂ ಅಲ್ಲಿ ಜೋರಾಗಿ ಕೇಳುತ್ತವೆ ಎಂದು 1921ರಲ್ಲಿ ಬರೆದವರು ಸಿ.ವಿ. ರಾಮನ್. ಆಗ ಅವರು ಕಲ್ಕತ್ತೆಯಲ್ಲಿದ್ದರು, ಬೆಂಗಳೂರಿಗೆ ಬಂದದ್ದು 1933ರಲ್ಲಿ. ಹೆಸರಿಲ್ಲದ ನಮ್ಮ ಕುಶಲಕರ್ಮಿಗಳು ಕಿವಿಯಿಂದಲೇ ಕಂಡುಕೊಂಡದ್ದಕ್ಕೆ ಅವರು ಭೌತಶಾಸ್ತ್ರದ ಗೌರವ ಕೊಟ್ಟರು.

ಶ್ರುತಿ

ತಂತಿಯನ್ನು ಫ್ರೆಟ್‌ಗೆ ಒತ್ತಿದಾಗ ಅದು ತುಸು ಹಿಗ್ಗಿ ಎಳೆತ ಏರುತ್ತದೆ, ಸ್ವರ ಮೇಲಕ್ಕೆ ಹೋಗುತ್ತದೆ. ಅದನ್ನು ಸರಿದೂಗಿಸಲು ಸ್ಯಾಡಲನ್ನು ಲೆಕ್ಕದ ಜಾಗಕ್ಕಿಂತ ಕೆಲವು ಮಿಲಿಮೀಟರ್ ಹಿಂದೆ, ಓರೆಯಾಗಿ ಇಟ್ಟಿರುತ್ತಾರೆ. ದಪ್ಪ ತಂತಿಗೆ ಹೆಚ್ಚು, ತೆಳು ತಂತಿಗೆ ಕಡಿಮೆ. ಹನ್ನೆರಡನೆಯ ಫ್ರೆಟ್‌ನಲ್ಲಿ ಒತ್ತಿ ನುಡಿಸಿದ ಸ್ವರವನ್ನೂ ಅಲ್ಲಿಯೇ ಬೆರಳು ಸೋಕಿಸಿ ತೆಗೆದ ಉಪಸ್ವರವನ್ನೂ ಹೋಲಿಸಿ, ಮೂಳೆಯ ತುದಿಯನ್ನು ಒಂದೊಂದು ತಂತಿಗೂ ಹಿಂದೆ ಮುಂದೆ ಉಜ್ಜಿದೆ. ಎರಡನೆಯ ತಂತಿಗೆ ತುದಿಯನ್ನು ಪೂರ್ತಿ ಹಿಂದಕ್ಕೆ ಸರಿಸಬೇಕಾಯಿತು. ಹೊದಿಕೆಯಿಲ್ಲದ ಎರಡು ತಂತಿಗಳಲ್ಲಿ ದಪ್ಪ ಅದೇ.

ಫ್ರೆಟ್‌ಗಳ ಜಾಗವನ್ನಂತೂ ಬದಲಾಯಿಸಲಾಗದು. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದ ಲೆಕ್ಕ ಅದು: ಮೊದಲ ಫ್ರೆಟ್ ನಟ್‌ನಿಂದ 36.4 ಮಿಲಿಮೀಟರ್, ಏಳನೆಯದು 215.5, ಹನ್ನೆರಡನೆಯದು 324. ಈ ಲೆಕ್ಕದಲ್ಲಿ ಪಂಚಮ ಹೆಚ್ಚುಕಡಿಮೆ ಶುದ್ಧವಾಗಿದೆ, ಅಂತರ ಗಾಂಧಾರ ಮಾತ್ರ ಶುದ್ಧ ಸ್ವರಕ್ಕಿಂತ 14 ಸೆಂಟ್ (ಸ್ಥಾಯಿಯ 1200ನೆಯ ಒಂದು ಪಾಲು ಒಂದು ಸೆಂಟ್) ಮೇಲಿದೆ. ವೀಣೆಯ ಮೇಳ ಕಟ್ಟುವವರು ಮೇಣದ ಮೇಲೆ ಮೆಟ್ಟಿಲನ್ನು ಕಿವಿಗೆ ಒಪ್ಪುವ ಕಡೆಗೆ ಸರಿಸುತ್ತಾರೆ. ಗಿಟಾರಿನಲ್ಲಿ ಆ ಸ್ವಾತಂತ್ರ್ಯವಿಲ್ಲ. ಗಾಂಧಾರ ಕಿವಿಗೆ ಚುಚ್ಚಿತೆಂದು ಬಿರಡೆ ತಿರುಗಿಸಿದರೆ ಬೇರೊಂದು ಸ್ವರಮೇಳ ಕೆಡುತ್ತದೆ. ಇದನ್ನು ಮಾಲೀಕನಿಗೆ ಬಿಡಿಸಿ ಹೇಳಬೇಕಾಯಿತು.

ಮತ್ತೆ ತಟ್ಟಿದಾಗ

12ರ ಜೋಡಿ ತಂತಿ ಹಾಕಿ, ವಾದ್ಯವನ್ನು ಒಂದು ರಾತ್ರಿ ಎಳೆತದಲ್ಲಿ ಇರಲು ಬಿಟ್ಟು, ಅದೇ ಬಟ್ಟೆ, ಅದೇ ದೂರ, ಅದೇ ಮೊಬೈಲ್. ಗಾಳಿಯ ಶಿಖರ ಈಗ 101 ಹರ್ಟ್ಸ್, ಹಲಗೆಯದು 180. ಮೇಲ್ನೋಟಕ್ಕೆ ಸಣ್ಣ ಬದಲಾವಣೆ. ಆದರೆ ಜಿ ಸ್ವರ 98, ಅದರ ಮೇಲಿನ ಜಿ ಶಾರ್ಪ್ 103.8, ಶಿಖರ ಈಗ ಎರಡರ ನಡುವೆ ಬಂದು ನಿಂತಿದೆ, ಯಾವುದೊಂದನ್ನೂ ನುಂಗುತ್ತಿಲ್ಲ. 180 ಕೂಡ ಎಫ್ ಮತ್ತು ಎಫ್ ಶಾರ್ಪ್‌ಗಳ ನಡುವೆಯೇ ಬಿದ್ದಿದೆ. ಇಷ್ಟು ಚೊಕ್ಕವಾಗಿ ಬೀಳಲಿ ಎಂದು ನಾನು ಯೋಜಿಸಿರಲಿಲ್ಲ. ಪಟ್ಟಿ ಅಂಟಿಕೊಂಡು ಹಲಗೆಗೆ ತನ್ನ ಪೆಡಸು ಮರಳಿದ್ದರಿಂದ ಆದದ್ದು. ಮೂರನೆಯ ಫ್ರೆಟ್‌ನ ಸ್ವರ ಅಕ್ಕಪಕ್ಕದವುಗಳಿಗಿಂತ ಈಗಲೂ ತುಸು ದಪ್ಪ, ಆದರೆ ನಿಲ್ಲುತ್ತದೆ. ಸಣ್ಣ ತಂತಿಗಳ ಹೊಳಪು ಮೊದಲ ಮೀಟಿಗೇ ಗೊತ್ತಾಯಿತು.

ಉಳಿದಿರುವ ಕೆಲಸ ಒಂದು: ಹದಿನಾಲ್ಕನೆಯ ಫ್ರೆಟ್ ತುಸು ಎದ್ದಿದೆ. ಅದನ್ನು ಈಗ ತಟ್ಟುವುದಿಲ್ಲ. ಮಳೆಗಾಲದ ತೇವಕ್ಕೆ ಸ್ಪ್ರೂಸ್ ಅಡ್ಡಕ್ಕೆ ಹಿಗ್ಗಿ ಮೇಲ್ಹಲಗೆ ಉಬ್ಬುತ್ತದೆ, ಕತ್ತು ಸೇರುವ ಜಾಗದ ಮಟ್ಟ ಬದಲಾಗುತ್ತದೆ. ನವೆಂಬರಿನಲ್ಲಿ ಮರ ತನ್ನ ಮಟ್ಟಕ್ಕೆ ಮರಳಿದ ಮೇಲೆ ಅಳೆದು ತೀರ್ಮಾನಿಸುವುದು ಒಳ್ಳೆಯದು. ಅಲ್ಲಿಯವರೆಗೆ ವಾದ್ಯ ಪೆಟ್ಟಿಗೆಯೊಳಗೆ ತೇವಮಾಪಕದ ಜೊತೆ ಇರಬೇಕು, 45ರಿಂದ 55 ಶೇಕಡಾ ತೇವಾಂಶದಲ್ಲಿ, ಕಾರಿನಿಂದ ದೂರ.